ಮೂರು ಹೊಳೆ ಹುಟ್ಟುವ ಬಯಲು

ಪುಣೆಯಲ್ಲಿ ಇವತ್ತು ಇಷ್ಟು ಚಳಿ ಎಂದು ಪತ್ರಿಕೆ ಬರೆದರೆ ಅದು ಹೆಚ್ಚಾಗಿ ನಮ್ಮ ಶಿವಾಜಿನಗರದ ಚಳಿ. ಊರಿನ ಲೆಕ್ಕಕ್ಕೆ ಹಿಡಿಯುವ ತಾಪಮಾನ ಇಲ್ಲಿಯ ವೀಕ್ಷಣಾಲಯದ್ದು. ಹವಾಮಾನ ಇಲಾಖೆಯ ಗೋಪುರದ ಕಟ್ಟಡಕ್ಕೆ ಇಲ್ಲಿ ಎಲ್ಲರೂ ಹೇಳುವುದು 'ಶಿಮ್ಲಾ ಆಫೀಸ್' ಅಂತಲೇ. ರಿಕ್ಷಾದವರಿಗೆ ಅಷ್ಟು ಹೇಳಿದರೆ ಸಾಕು. ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂತು, 1944ರಲ್ಲಿ ದಿಲ್ಲಿಗೆ ಹೋಯಿತು. ಹೆಸರು ಇಲ್ಲೇ ಉಳಿಯಿತು.

ನನ್ನ ಮಗಳು ದಿನಾ ಆ ಕಟ್ಟಡದ ಮುಂದಿನ ಚೌಕ ದಾಟಿ ಶಾಲೆಗೆ ಹೋಗುತ್ತಾಳೆ. ಅವಳಿಗೆ ಐದು ವರ್ಷವಿದ್ದಾಗ ಒಂದು ದಿನ ರಿಕ್ಷಾದಲ್ಲಿ ಕೇಳಿದಳು, "ಶಿಮ್ಲಾ ಇಲ್ಲೇ ಇದ್ರೆ ಬೆಟ್ಟ ಎಲ್ಲಿ?" ಆ ಪ್ರಶ್ನೆಯನ್ನು ನಾವು ವರ್ಷ ವರ್ಷ ಮುಂದಕ್ಕೆ ಹಾಕುತ್ತಾ ಬಂದೆವು. ಸಿಂಹಗಡ ಹತ್ತಿಸಿದೆವು. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿಗೂ ಅವಳು ಅಪ್ಪನ ಜೊತೆ ಹೋಗಿ ಬಂದಳು, 1,646 ಮೀಟರ್. ಒಂಬತ್ತು ತುಂಬಿದಾಗ ಅವಳ ಬೇಡಿಕೆ ಬದಲಾಯಿತು. ಬೇರೆ ದೇಶದ ಬೆಟ್ಟ ನೋಡಬೇಕು, ಅಜ್ಜಿಯೂ ಬರಬೇಕು.

ಅಜ್ಜಿ ಎಂದರೆ ನನ್ನ ಅಮ್ಮ. ಕಳಸದ ಹತ್ತಿರದ ಹಳ್ಳಿಯಲ್ಲಿ, ಕುದುರೆಮುಖದ ಗುಡ್ಡಗಳ ಬುಡದಲ್ಲಿ ಹುಟ್ಟಿ ಬೆಳೆದವರು. ಅಪ್ಪ ಹೋದ ಮೇಲೆ ನಮ್ಮ ಜೊತೆ ಪುಣೆಯಲ್ಲಿದ್ದಾರೆ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಈಗಲೂ ನೋಡುತ್ತಾರೆ. ಎಪ್ಪತ್ತು ವರ್ಷ, ಎಡಗಾಲಿನ ಮಂಡಿ ನೋವು, ಪಾಸ್‌ಪೋರ್ಟ್ ಇರಲಿಲ್ಲ. ನಮ್ಮ ಯಜಮಾನರು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯವರು. ಮನೆಯಲ್ಲಿ ಎರಡು ಕನ್ನಡ, ಹೊರಗೆ ಮರಾಠಿ. ಮಗಳಿಗೆ ಮೂರೂ ಒಂದೇ ಭಾಷೆಯ ಮೂರು ಕೋಣೆ ಇದ್ದ ಹಾಗೆ, ಬಾಗಿಲು ತೆಗೆದು ಓಡಾಡುತ್ತಾಳೆ.

ಪುಣೆಯ ಕುಟುಂಬಗಳು ವಿದೇಶದ ಬೆಟ್ಟ ಎಂದರೆ ಸ್ವಿಟ್ಜರ್ಲೆಂಡ್ ಎನ್ನುತ್ತವೆ. ನಮ್ಮ ಮನೆಯಲ್ಲೂ ಮಾತು ಅಲ್ಲೇ ಶುರುವಾಯಿತು. ದುಡ್ಡಿನ ಲೆಕ್ಕ ಹಾಕಿ ಸುಮ್ಮನಾದೆವು. ಆಮೇಲೆ ನೇಪಾಳ ಎಂದುಕೊಂಡೆವು, ಅಮ್ಮನ ಮಂಡಿ ಮತ್ತು ಉಸಿರು ನೆನಪಾಯಿತು. ಕೊನೆಗೆ ಇವರು ಒಂದು ರಾತ್ರಿ ನಕಾಶೆ ಬಿಡಿಸಿಕೊಂಡು ಕೂತವರು ಶ್ರೀಲಂಕಾದ ನಡುವೆ ಬೆರಳಿಟ್ಟು, "ಇಲ್ನೋಡು, ಎರಡು ಸಾವಿರ ಮೀಟರ್ ಮ್ಯಾಲೆ ಒಂದು ಬಯಲು ಅದ, ರಾಷ್ಟ್ರೀಯ ಉದ್ಯಾನ" ಎಂದರು. ಹಾರ್ಟನ್ ಪ್ಲೇನ್ಸ್. ಆಗ ಶ್ರೀಲಂಕಾ ಭಾರತವೂ ಸೇರಿ ಏಳು ದೇಶದವರಿಗೆ 2024ರ ಮಾರ್ಚ್ 31ರವರೆಗೆ ವೀಸಾ ಶುಲ್ಕ ಬಿಟ್ಟಿತ್ತು. ವಿಚಾರಿಸಲು ಹೋದ ಒಂದು ಪ್ರವಾಸ ಕಚೇರಿಯವರು, "ಅಲ್ಲೇನಿದೆ ಮೇಡಂ, ಬರೀ ಹುಲ್ಲು. ಸಮುದ್ರ ತೀರಕ್ಕೆ ಹೋಗಿ" ಎಂದರು. ನಾವೇ ಟಿಕೆಟ್ ಮಾಡಿಕೊಂಡು ಫೆಬ್ರವರಿಯಲ್ಲಿ ಹೊರಟೆವು. ಮಳೆ ಕಡಿಮೆ ಇರುವ ಕಾಲ, ಮಗಳಿಗೆ ನಾಲ್ಕು ದಿನ ಶಾಲೆ ತಪ್ಪಿತು.

ಮುಂಬೈಯಿಂದ ಕೊಲಂಬೊ ಎರಡೂವರೆ ಗಂಟೆ. ಅಲ್ಲಿಂದ ರೈಲು. ಕೊಲಂಬೊ ಕೋಟೆ ನಿಲ್ದಾಣದಿಂದ ಬೆಳಗಿನ ಜಾವ ಹೊರಡುವ 'ಪೊಡಿ ಮೆನಿಕೆ' ಬಯಲು ದಾಟಿ ನಿಧಾನವಾಗಿ ಗುಡ್ಡ ಹತ್ತುತ್ತದೆ. ಈ ರೈಲು ದಾರಿ 1885ರಲ್ಲಿ 'ನಾನು ಓಯಾ' ಎಂಬ ಊರು ಮುಟ್ಟಿತು, ಕೊನೆಯ ಊರು ಬದುಲ್ಲಾ ಮುಟ್ಟಿದ್ದು 1924ರಲ್ಲಿ. ಕಿಟಕಿಯಾಚೆ ಮೊದಲು ಗದ್ದೆ, ತೆಂಗು, ಆಮೇಲೆ ರಬ್ಬರ್, ಆಮೇಲೆ ಕಣ್ಣು ಹಾಯಿಸಿದಷ್ಟೂ ಚಹಾ.

ಅಮ್ಮ ಕಾಫಿ ಸೀಮೆಯವರು. ಚಹಾ ತೋಟವನ್ನು ಸ್ವಲ್ಪ ಹೊತ್ತು ನೋಡಿ, "ನೆರಳು ಮರವೇ ಇಲ್ಲದ ಹಾಗೆ ಬೋಳಿಸಿದಾರಲ್ಲೇ" ಎಂದರು. ಆ ಗುಡ್ಡಗಳಲ್ಲಿ ಮೊದಲು ಇದ್ದದ್ದು ಕಾಫಿಯೇ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಬ್ರಿಟಿಷ್ ತೋಟಗಾರರು ಕಾಡು ಕಡಿದು ಕಡಿದು ಕಾಫಿ ಹಾಕಿದರು. 1869ರಲ್ಲಿ ಎಲೆತುಕ್ಕು ಕಾಣಿಸಿಕೊಂಡಿತು, ನಮ್ಮ ಕಡೆಯ ಬೆಳೆಗಾರರಿಗೂ ಹೆಸರು ಕೇಳಿದರೆ ಎದೆ ಝಲ್ಲೆನ್ನುವ ಅದೇ ರೋಗ. ಎರಡು ದಶಕದೊಳಗೆ ಸಿಲೋನಿನ ಕಾಫಿ ಹೆಚ್ಚುಕಡಿಮೆ ನೆಲಕಚ್ಚಿತು, ಆ ಜಾಗಕ್ಕೆ ಚಹಾ ಬಂತು. ಆ ಕಾಲದಲ್ಲೇ, 1873ರಲ್ಲಿ, ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಐದು ಸಾವಿರ ಅಡಿಗಿಂತ ಮೇಲಿನ ಕಾಡನ್ನು ಮುಟ್ಟಬಾರದು ಎಂದು ಸರ್ಕಾರಕ್ಕೆ ಸಲಹೆ ಕೊಟ್ಟರು. ಮೇಲಿನ ಕಾಡು ಹೋದರೆ ಕೆಳಗಿನ ನೀರು ಹೋಗುತ್ತದೆ ಎಂಬುದು ಅದರ ಹಿಂದಿನ ತಿಳಿವಳಿಕೆ. ನೂರೈವತ್ತು ವರ್ಷದ ಹಿಂದೆ ಯಾರೋ ಒಬ್ಬರು ಇಷ್ಟು ಸರಿಯಾಗಿ ಹೇಳಿದ್ದು, ಇನ್ಯಾರೋ ಅದನ್ನು ಕೇಳಿಸಿಕೊಂಡದ್ದು, ಎರಡೂ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತವೆ. ನಾವು ನೋಡಲು ಹೊರಟಿದ್ದ ಬಯಲು ಉಳಿದದ್ದರಲ್ಲಿ ಆ ಮಾತಿನ ಪಾಲಿದೆ.

ರೈಲಿಳಿದು ನುವಾರ ಎಲಿಯ ಎಂಬ ಊರಿನಲ್ಲಿ ಎರಡು ರಾತ್ರಿ ಉಳಿದೆವು. ಕೆರೆ, ಕುದುರೆ, ಸ್ಟ್ರಾಬೆರಿ, ಇಂಗ್ಲಿಷರ ಕಾಲದ ಮನೆಗಳು. ಅದರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ.

ಮರುದಿನ ಬೆಳಗಿನ ನಾಲ್ಕೂವರೆಗೆ ವ್ಯಾನು ಬಂತು. ಹಾರ್ಟನ್ ಬಯಲಿಗೆ ಹೋಗುವವರು ಬೇಗ ಹೊರಡಬೇಕು. ಒಂಬತ್ತು, ಹತ್ತು ಗಂಟೆಯ ಹೊತ್ತಿಗೆ ಮೋಡ ಏರಿ ಬಂದು ಪ್ರಪಾತವನ್ನು ಮುಚ್ಚಿಬಿಡುತ್ತದೆ. ಚಾಲಕರು ಚಹಾ ತೋಟದ ತಮಿಳರು, ಅಜ್ಜನ ಅಜ್ಜನ ಕಾಲದಲ್ಲಿ ತಿರುಚ್ಚಿ ಕಡೆಯಿಂದ ನಡೆದು, ದೋಣಿ ಹತ್ತಿ, ಮತ್ತೆ ನಡೆದು ಈ ಗುಡ್ಡಕ್ಕೆ ಬಂದ ಕುಟುಂಬ. ಅಮ್ಮನಿಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು. ಆದರೂ ಮುಂದಿನ ಸೀಟಿನಲ್ಲಿ ಕೂತ ಅಮ್ಮ ಮತ್ತು ಅವರು ಕತ್ತಲೆಯಲ್ಲಿ ದಾರಿಯುದ್ದಕ್ಕೂ ಮಾತಾಡಿದರು. ಮರ ಮರವೇ. ಮಳೆ ಮಳೆಯೇ. ಹಾಲು ಪಾಲಾಗುತ್ತದೆ, ಹಳ್ಳ ಪಳ್ಳವಾಗುತ್ತದೆ, ಅಷ್ಟೆ. ಪಟ್ಟಿಪೊಳ ದಾಟುವಾಗ, ಅದು ಆ ದ್ವೀಪದ ಅತಿ ಎತ್ತರದ ರೈಲು ನಿಲ್ದಾಣ, ಚಾಲಕರು ವೇಗ ತಗ್ಗಿಸಿ, "ಇಂಗೆ ಪುಲಿ ಇರುಕ್ಕು" ಎಂದರು. ಅಮ್ಮ ಕೂಡಲೇ ಹಿಂದಕ್ಕೆ ತಿರುಗಿ ಮೊಮ್ಮಗಳ ಕೈ ಹಿಡಿದರು. "ಹುಲಿ ಇದೆಯಂತೆ, ಕಿಟಕಿ ಹಾಕು."

ಶ್ರೀಲಂಕಾದಲ್ಲಿ ಹುಲಿ ಇಲ್ಲ. ಅಲ್ಲಿಯ ಮಾತಿನಲ್ಲಿ ಪುಲಿ ಎಂದರೆ ಚಿರತೆ. ಆ ಬಯಲಿನ ಬೇಟೆಗಾರ ಪ್ರಾಣಿಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಆದರೆ ಅಮ್ಮನ ಮಾತು ಪೂರ್ತಿ ತಪ್ಪೂ ಅಲ್ಲ. ಒಂದು ಕಾಲಕ್ಕೆ ಅಲ್ಲಿ ಹುಲಿಯೂ ಇತ್ತು. ಕುರುವಿಟ ಎಂಬಲ್ಲಿ ಸುಮಾರು 16,500 ವರ್ಷ ಹಳೆಯ ಹುಲಿಯ ಪಳೆಯುಳಿಕೆ ಸಿಕ್ಕಿದೆ. ಹಿಮಯುಗದಲ್ಲಿ ಸಮುದ್ರ ಇಂದಿಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದ್ದಾಗ ರಾಮೇಶ್ವರದಾಚೆಯ ಆಳವಿಲ್ಲದ ನೀರು ಇರಲಿಲ್ಲ, ನೆಲವಿತ್ತು. ಕಡವೆ, ಆನೆ, ಚಿರತೆ, ಹುಲಿ ನಡೆದೇ ದಾಟಿದವು. ಆಮೇಲೆ ಸಮುದ್ರ ಏರಿತು. ಮಗಳಿಗೆ ಇದನ್ನು ಹೇಳಿದಾಗ ಅವಳು ಕೇಳಿದ್ದು ಒಂದೇ, "ಹಾಗಾದ್ರೆ ನಮಗ್ಯಾಕೆ ಪಾಸ್‌ಪೋರ್ಟ್ ಬೇಕಾಯ್ತು?"

ದ್ವಾರದ ಬಳಿ ಸಾಲು ನಿಂತಿತ್ತು. ಅಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಬ್ಬರು ಸಿಬ್ಬಂದಿ ಪ್ರತಿಯೊಬ್ಬರ ಚೀಲ ತೆಗೆಸಿ ನೋಡುತ್ತಿದ್ದರು. ಬಿಸ್ಕತ್ತಿನ ಪ್ಲಾಸ್ಟಿಕ್ ಹೊದಿಕೆ ಹರಿದು ಬಿಸ್ಕತ್ತನ್ನು ಕಾಗದಕ್ಕೆ ಸುರಿದು ಕೊಡುವುದು, ನೀರಿನ ಬಾಟಲಿಯ ಸುತ್ತಲಿನ ಪಟ್ಟಿಯನ್ನು ಚಾಕುವಿನಿಂದ ಕೀಳುವುದು, ಪಾಲಿಥಿನ್ ಚೀಲಗಳನ್ನು ತಮ್ಮ ಬುಟ್ಟಿಗೆ ಹಾಕಿಕೊಳ್ಳುವುದು. ಗದರಿಕೆ ಇಲ್ಲ, ಭಾಷಣ ಇಲ್ಲ, ಲಂಚದ ಮಾತಂತೂ ಇಲ್ಲ. ಚಳಿಗೆ ಬೆರಳು ಮರಗಟ್ಟಿದ್ದರೂ ಕೆಲಸ ಚಕಚಕ ನಡೆದಿತ್ತು. ನಾವು ಪುಣೆಯಿಂದ ಒಯ್ದಿದ್ದ ಬಾಕರವಡಿಯ ಪೊಟ್ಟಣ ಹೋಯಿತು, ಬಾಕರವಡಿ ಸಿಂಹಳ ಪತ್ರಿಕೆಯ ಹಾಳೆಯೊಂದರಲ್ಲಿ ನಮ್ಮ ಕೈಗೆ ಬಂತು. ಅಮ್ಮ ಚಕ್ಕುಲಿಯನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿದ್ದರು. ಆ ಹುಡುಗ ಮುಚ್ಚಳ ತೆಗೆದು ನೋಡಿ, ಮುಚ್ಚಿ, ಎರಡೂ ಕೈಯಿಂದ ಡಬ್ಬಿಯನ್ನು ಅಮ್ಮನಿಗೆ ವಾಪಸು ಕೊಟ್ಟ. ನಮ್ಮ ನಾಲ್ವರ ಸಾಮಾನಿನಲ್ಲಿ ಹಾಗೇ ಒಳಗೆ ಹೋಗಿದ್ದು ಅದೊಂದೇ.

ಮಗಳು ಬಾಕರವಡಿ ಬಿಟ್ಟು ಆ ಹಾಳೆಯನ್ನೇ ನೋಡುತ್ತಿದ್ದಳು. ಅಜ್ಜಿ ಅವಳಿಗೆ ಕನ್ನಡ ಅಕ್ಷರ ಕಲಿಸಿ ಆಗಿನ್ನೂ ವರ್ಷವಾಗಿರಲಿಲ್ಲ. ಸಿಂಹಳ ಲಿಪಿ ಕನ್ನಡದಷ್ಟೇ ದುಂಡಗೆ, ಸುರುಳಿ ಸುರುಳಿ. "ಅಜ್ಜಿ, ಇದು ಓದಕ್ಕೆ ಬರೋ ಹಾಗೇ ಇದೆ, ಬರ್ತಾ ಇಲ್ಲ" ಎಂದಳು. ಆ ಬಯಲಿನೊಳಗೆ ಹೋದ ಮೇಲೆ ಅವಳ ಈ ಮಾತು ನನಗೆ ಮತ್ತೆ ಮತ್ತೆ ನೆನಪಾಯಿತು.

ಸಿಂಹಗಡದ ದಾರಿಯಲ್ಲಿ, ಕುದುರೆಮುಖದ ತಿರುವುಗಳಲ್ಲಿ, ಮುಳ್ಳಯ್ಯನಗಿರಿಯ ಮೆಟ್ಟಿಲ ಬದಿಯಲ್ಲಿ ಚಿಪ್ಸ್ ಪೊಟ್ಟಣ ನೋಡಿ ನೋಡಿ ಬೇಸತ್ತವಳು ನಾನು. ಕಸ ಹಾಕಬೇಡಿ ಎಂಬ ಫಲಕ ನೆಡುವುದಕ್ಕಿಂತ ಬಾಗಿಲಲ್ಲಿ ಇಬ್ಬರನ್ನು ಕಾಗದದ ಕಟ್ಟಿನೊಂದಿಗೆ ಕೂರಿಸುವುದು ಒಳ್ಳೆಯದು. ನಮ್ಮ ಕಡೆ ಕೆಲವು ದ್ವಾರಗಳಲ್ಲಿ ತಪಾಸಣೆ ಇದೆ, ಬೇಕಾದದ್ದು ಎಲ್ಲ ಕಡೆ, ಎಲ್ಲ ದಿನ.

ಸೂರ್ಯ ಇನ್ನೂ ಮೂಡಿರಲಿಲ್ಲ. ವ್ಯಾನು ಕೊನೆಯ ತಿರುವು ಹೊರಳಿದಾಗ ಎದುರಿಗೆ ನೆಲ ಬಿಚ್ಚಿಕೊಂಡಿತು. ಬೂದು ಬೆಳಕಿನಲ್ಲಿ ಹುಲ್ಲು, ಹುಲ್ಲಿನ ಮೇಲೆ ತೆಳ್ಳಗೆ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಬೋರಲು ಬಿದ್ದ ಬಟ್ಟಲುಗಳಂಥ ಗುಡ್ಡಗಳು. ಗುಡ್ಡದ ಮೈಯೆಲ್ಲ ಹುಲ್ಲು, ಎರಡು ಗುಡ್ಡ ಸೇರುವ ಮಡಿಕೆಗಳಲ್ಲಿ ಮಾತ್ರ ಕಪ್ಪು ಕಾಡು. ಅಮ್ಮ ಇಳಿದು ಶಾಲು ಹೊದ್ದುಕೊಂಡು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ನನ್ನ ತೋಳು ಹಿಡಿದು, "ಇದು ನಮ್ಮ ಬ್ಯಾಣ ಅಲ್ದೇನೆ? ಥೇಟ್ ಸಂಸೆಯಿಂದ ಮೇಲೆ ಹತ್ತಿದ ಹಾಗೇ ಇದೆ" ಎಂದರು.

ಹುಲ್ಲುಗಾವಲಿಗೆ ಮಲೆನಾಡಿನವರು ಬ್ಯಾಣ ಎನ್ನುತ್ತಾರೆ. ಅಲ್ಲಿಯವರು ಪತನ ಎನ್ನುತ್ತಾರೆ. ಮಡಿಕೆಯ ಕಾಡಿಗೆ ನಮ್ಮಲ್ಲಿ ಶೋಲಾ ಎಂಬ ಮಾತು ರೂಢಿಗೆ ಬಂದಿದೆ. ನೀರು ಮತ್ತು ಮಣ್ಣು ನಿಲ್ಲುವಲ್ಲಿ ಕಾಡು, ಗಾಳಿ ಮತ್ತು ಹಿಮ ಹೊಡೆಯುವಲ್ಲಿ ಹುಲ್ಲು. ಕುದುರೆಮುಖ, ಪುಷ್ಪಗಿರಿ, ಬ್ರಹ್ಮಗಿರಿ, ನೀಲಗಿರಿ, ಆನೆಮಲೆ, ಸಮುದ್ರ ದಾಟಿ ಈ ಬಯಲು, ಎಲ್ಲ ಕಡೆ ಇದೇ ಹೆಣಿಗೆ. ಜೀವವಿಜ್ಞಾನಿಗಳು ಲೋಕದ ಜೀವವೈವಿಧ್ಯದ ತಾಣಗಳನ್ನು ಪಟ್ಟಿ ಮಾಡುವಾಗ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾವನ್ನು ಒಂದೇ ತಾಣವಾಗಿ ಎಣಿಸಿದ್ದಾರೆ. ಶ್ರೀಲಂಕಾದ ಮಧ್ಯ ಬೆಟ್ಟಸೀಮೆ 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು, ನಮ್ಮ ಪಶ್ಚಿಮ ಘಟ್ಟದ 39 ತಾಣಗಳು 2012ರಲ್ಲಿ. ಆ 39ರಲ್ಲಿ ಅಮ್ಮನ ಕುದುರೆಮುಖವೂ ಇದೆ, ಪುಣೆಯವರು ಹೂ ನೋಡಲು ಓಡುವ ಸಾತಾರದ ಕಾಸ ಪ್ರಸ್ಥಭೂಮಿಯೂ ಇದೆ.

ಹಾರ್ಟನ್ ಎಂಬುದು 1831ರಿಂದ 1837ರವರೆಗೆ ಸಿಲೋನಿನ ಗವರ್ನರ್ ಆಗಿದ್ದ ರಾಬರ್ಟ್ ವಿಲ್ಮಟ್ ಹಾರ್ಟನ್ ಅವರ ಹೆಸರು. ಸಿಂಹಳದಲ್ಲಿ ಇದು ಮಹಾ ಎಲಿಯ, ದೊಡ್ಡ ಬಯಲು. 3,160 ಹೆಕ್ಟೇರ್, 1969ರಲ್ಲಿ ವನ್ಯಧಾಮ, 1988ರಲ್ಲಿ ರಾಷ್ಟ್ರೀಯ ಉದ್ಯಾನ. ಕುದುರೆಮುಖ ಅದಕ್ಕಿಂತ ಒಂದು ವರ್ಷ ಮೊದಲು, 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ವಿಸ್ತೀರ್ಣ 600 ಚದರ ಕಿಲೋಮೀಟರ್. ಅಮ್ಮನ ಊರಿನವರಿಗೆ ಆ ವರ್ಷ ನೆನಪಿರುವುದಕ್ಕಿಂತ 2005 ಹೆಚ್ಚು ನೆನಪಿದೆ. ಸುಪ್ರೀಂ ಕೋರ್ಟಿನ ಆದೇಶದಂತೆ ಆ ವರ್ಷದ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಹಲವರ ಕೆಲಸವೂ ಹೋಯಿತು. ಅಮ್ಮ ಎರಡನ್ನೂ ಒಟ್ಟಿಗೇ ಹೇಳುತ್ತಾರೆ, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದ್ದು ನಾನು ಕೇಳಿಲ್ಲ.

ನಡಿಗೆ ಶುರುವಾಗುವ ಫಾರ್ ಇನ್ ಎಂಬ ಹಳೆಯ ಬಂಗಲೆಯ ಪಕ್ಕದಲ್ಲೇ ಒಂದು ಗಂಡು ಕಡವೆ ನಿಂತಿತ್ತು. ಕುದುರೆಯಷ್ಟು ಎತ್ತರ ಎಂದು ಮಗಳ ಅಂದಾಜು. ಕುತ್ತಿಗೆಯ ಕೂದಲು ಇಬ್ಬನಿಗೆ ಒದ್ದೆಯಾಗಿ ಗೊಂಚಲು ಗೊಂಚಲಾಗಿತ್ತು. ಕೊಂಬಿನ ಒಂದು ಕವಲಿಗೆ ಕಿತ್ತ ಹುಲ್ಲು ಸಿಕ್ಕಿಕೊಂಡಿತ್ತು. ಉಸಿರು ಬಿಟ್ಟಾಗ ಎರಡು ಹೊಳ್ಳೆಯಿಂದ ಎರಡು ಹೊಗೆ. ತಿನ್ನಿಸಬೇಡಿ ಎಂದು ಸಿಬ್ಬಂದಿ ಪ್ರವಾಸಿಗರನ್ನು ದೂರ ಸರಿಸುತ್ತಿದ್ದರು. ಕಳಸದ ಕಡೆ ಕಡವೆ ಎಂದರೆ ಓಡುವ ಸದ್ದು ಮಾತ್ರ, ಇಷ್ಟು ಹತ್ತಿರ ನಿಂತದ್ದನ್ನು ಅಮ್ಮ ಹುಟ್ಟಿದ ಮೇಲೆ ಮೊದಲ ಸಲ ನೋಡಿದ್ದು. ಅವರು ಕೈ ಮುಗಿದರು. ಏನನ್ನೂ ಹೇಳಲಿಲ್ಲ.

ಈ ಬಯಲಿನಲ್ಲಿ ಒಂದು ಕಾಲಕ್ಕೆ ಆನೆಗಳೂ ಇದ್ದವು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಸ್ಯಾಮುಯೆಲ್ ಬೇಕರ್ ಎಂಬ ಇಂಗ್ಲಿಷ್ ಬೇಟೆಗಾರ ನುವಾರ ಎಲಿಯದಲ್ಲಿ ನೆಲೆಸಿ ಬಂದೂಕು ಮತ್ತು ನಾಯಿಗಳೊಂದಿಗೆ ಇಲ್ಲೆಲ್ಲ ಸುತ್ತಿದ, ಅದರ ಮೇಲೆ ಪುಸ್ತಕವನ್ನೂ ಬರೆದ. ಇಂದು ಆನೆ ಇಲ್ಲ, ಬೇಕರನ ಹೆಸರಿನ ಜಲಪಾತವಿದೆ. ಕಡವೆ ಮಾತ್ರ ಉಳಿದುಕೊಂಡಿತು.

ಸುತ್ತು ಹಾಕುವ ದಾರಿ ಒಂಬತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಚುರುಕಾಗಿ ನಡೆದರೆ ಮೂರು ಗಂಟೆ. ನಾವು ಅಮ್ಮನ ಹೆಜ್ಜೆಗೆ ನಡೆದೆವು. "ಅತ್ತೀ, ಸಾವಕಾಶ ಬರ್ರಿ, ಗಡಿಬಿಡಿ ಏನೂ ಇಲ್ಲ" ಎಂದು ಇವರು ಹೇಳುತ್ತಲೇ ಇದ್ದರು. ನನಗೆ ಒಳಗೊಳಗೇ ಗಡಿಬಿಡಿ ಇತ್ತು. ಇಷ್ಟು ದೂರ ಬಂದು ಪ್ರಪಾತ ನೋಡದೆ ಹೋದರೆ ಹೇಗೆ ಎಂದು ಗಡಿಯಾರ ನೋಡುತ್ತಿದ್ದೆ. ಹುಲ್ಲಿನ ದಾರಿ ಮುಗಿದು ಕಾಡಿನೊಳಕ್ಕೆ ಹೊಕ್ಕೆವು, ಅಲ್ಲಿ ಅಮ್ಮ ಇನ್ನೂ ನಿಧಾನವಾದರು. ಮಂಡಿ ನೋವಿಗಲ್ಲ. ಪ್ರತಿ ಗಿಡದ ಮುಂದೆ ನಿಲ್ಲುತ್ತಿದ್ದರು.

ಮರಗಳು ನಮ್ಮ ಕಾನಿನ ಮರಗಳಂತೆ ನೆಟ್ಟಗಿಲ್ಲ. ಗಾಳಿಯ ಹೊಡೆತಕ್ಕೆ ಡೊಂಕಾಗಿ, ಗಿಡ್ಡವಾಗಿ, ಮೇಲೆ ಛತ್ರಿ ಬಿಡಿಸಿದಂತೆ ಚಪ್ಪಟೆಯಾಗಿವೆ. ಅಲ್ಲಿಯವರು ಕೀನ ಎನ್ನುವ ಮರ, ನಮ್ಮ ಹೊನ್ನೆ ಮರದ, ಎಣ್ಣೆ ತೆಗೆಯುವ ಸುರಹೊನ್ನೆಯ ಹತ್ತಿರದ ನೆಂಟ. ಕೊಂಬೆ ಕಾಣದ ಹಾಗೆ ಪಾಚಿ, ಪಾಚಿಯಿಂದ ಗಡ್ಡದ ಹಾಗೆ ಇಳಿಬಿದ್ದ ಕಲ್ಲುಹೂವಿನ ಜಾತಿ. ಕಾಡಿನ ಅಡಿಯಲ್ಲಿ ಮೊಣಕಾಲೆತ್ತರದ ಪೊದೆ. ಅಮ್ಮ ಒಂದು ಎಲೆ ಮುಟ್ಟಿ ಹಿಂದೆ ಮುಂದೆ ತಿರುಗಿಸಿ, "ಗುರಿಗೆ" ಎಂದರು.

ಗುರಿಗೆ ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು ಸಾಯುವ ಗಿಡ. 2022ರಲ್ಲಿ ಚಿಕ್ಕಮಗಳೂರಿನ ಗುಡ್ಡಗಳು ನೀಲಿಯಾದದ್ದು ಇದರ ಜಾತಿಯಿಂದಲೇ. ಹೂ ಬಿಟ್ಟ ವರ್ಷ ಜೇನು ಹೆಚ್ಚು ಎಂದು ಅಮ್ಮನ ಊರಿನಲ್ಲಿ ಹೇಳುತ್ತಾರೆ. ಹಾರ್ಟನ್ ಬಯಲಿನಲ್ಲಿ ಈ ಕುಲಕ್ಕೆ ನೆಲು ಎಂದು ಹೆಸರು, ಅದರಲ್ಲೂ ಹನ್ನೆರಡು ವರ್ಷದ ಲೆಕ್ಕದವು ಇವೆ. ಬೀಜ ಉದುರಿದ ಮೇಲೆ ಕಾಡುಕೋಳಿಗಳು ಹಿಂಡಾಗಿ ಬರುತ್ತವಂತೆ. ಮಗಳು ತಕ್ಷಣ, "ಇದು ಕಾರವಿ ಅಲ್ವಾ?" ಎಂದಳು. ಪುಣೆಯ ಸುತ್ತಲಿನ ಕೋಟೆ ಹತ್ತುವವರೆಲ್ಲ ಬಲ್ಲ ಗಿಡ ಕಾರವಿ, ಅದರ ಕಡ್ಡಿಗೆ ಮಣ್ಣು ಮೆತ್ತಿ ಸಹ್ಯಾದ್ರಿಯ ಗುಡಿಸಲುಗಳ ಗೋಡೆ ಕಟ್ಟುತ್ತಾರೆ. ಏಳೆಂಟು ವರ್ಷಕ್ಕೊಮ್ಮೆ ಅದರ ಹೂವಿನ ಸುಗ್ಗಿ. ಕಾರವಿ, ಗುರಿಗೆ, ನೆಲು. ಅಕ್ಕ ತಂಗಿಯರು. ಅಜ್ಜಿ ಮೊಮ್ಮಗಳು ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಒಂದೇ ಗಿಡದ ಗುರುತು ಹಿಡಿದರು.

ಸ್ವಲ್ಪ ಮುಂದೆ ಮಗಳು ನಿಂತಲ್ಲೇ ನಿಂತಳು. ಒಂದು ಕಾಂಡದ ಮೇಲೆ, ಅವಳ ಮುಖದಿಂದ ಒಂದು ಗೇಣು ದೂರದಲ್ಲಿ, ಪಾಚಿ ಬಣ್ಣದ ಓತಿಕ್ಯಾತ. ಮೂತಿಯ ತುದಿಯಲ್ಲಿ ಬಿಳಿಯ ಮುಳ್ಳು, ಮಲ್ಲಿಗೆಯ ಮೊಗ್ಗಿನಷ್ಟು. ಘೇಂಡಾಮೃಗದ ಕೊಂಬಿನ ಓತಿ ಎಂದು ಹೆಸರಾದ ಇದು ಶ್ರೀಲಂಕಾದ ಎತ್ತರದ ಮೋಡದ ಕಾಡಿನಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಅದು ಓಡಲಿಲ್ಲ. ಒಂದು ಕಣ್ಣನ್ನು ಮಾತ್ರ ನಿಧಾನವಾಗಿ ತಿರುಗಿಸಿತು. ಒಂಬತ್ತು ವರ್ಷದ ಮಗು ಹತ್ತು ನಿಮಿಷ ಮಾತಾಡದೆ ನಿಲ್ಲಬಲ್ಲದು ಎಂದು ನನಗೆ ಅವತ್ತೇ ಗೊತ್ತಾದದ್ದು.

ಅಷ್ಟರಲ್ಲಿ ಮಂಜು ಬಂತು.

'ಲೋಕದ ಅಂಚು' ಎಂದು ಹೆಸರಿರುವ ಆ ಪ್ರಪಾತ ಸುಮಾರು 870 ಮೀಟರ್, ಜೋಗದ ಮೂರು ಪಾಲಿಗಿಂತ ಹೆಚ್ಚು. ದಿನ ನಿಚ್ಚಳವಾಗಿದ್ದರೆ ದಕ್ಷಿಣದ ಸಮುದ್ರದವರೆಗೂ ಕಾಣುತ್ತದಂತೆ. ನಾವು ತಲುಪಿದಾಗ ಒಂಬತ್ತೂಮುಕ್ಕಾಲು. ಅಂಚಿನ ಬಂಡೆ ಇತ್ತು, ಅದರಾಚೆ ಏನೂ ಇರಲಿಲ್ಲ. ಬಿಳುಪು. ಹಿಂದಿದ್ದ ಒಬ್ಬರು ಬೇಸರದಿಂದ ಕೈ ಚೆಲ್ಲಿ ತಿರುಗಿದರು. ನನಗೆ ಕಣ್ಣಲ್ಲಿ ನೀರು ಬರುವಷ್ಟು ನಿರಾಶೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಅಮ್ಮ ಮಾತ್ರ ಬಂಡೆಯಿಂದ ನಾಲ್ಕು ಹೆಜ್ಜೆ ಹಿಂದೆ ಮರದ ಕೆಳಗೆ ಕೂತು ಮೊಮ್ಮಗಳನ್ನು ಕರೆದರು. "ಇಲ್ಲಿ ಬಾ ಪುಟ್ಟಿ. ಕೇಳು."

ಮಳೆ ಇಲ್ಲ, ಆದರೂ ಕಾಡು ತೊಟ್ಟಿಕ್ಕುತ್ತಿತ್ತು. ಪ್ರಪಾತದ ಕೆಳಗಿನಿಂದ ಏರಿ ಬಂದ ಮಂಜು ಮರಗಳ ನಡುವೆ ಹಾದುಹೋಗುವಾಗ ಪಾಚಿ ಅದನ್ನು ಹಿಡಿಯುತ್ತದೆ. ಅಮ್ಮ ಒಂದು ಕೊಂಬೆಯ ಪಾಚಿಯ ಕೆಳಗೆ ಅಂಗೈ ಹಿಡಿದರು. ಪಾಚಿಯ ಒಂದೊಂದು ಎಳೆಯ ತುದಿಯಲ್ಲೂ ಸಾಸಿವೆಯಷ್ಟು ಹನಿ. ಹನಿಗೆ ಹನಿ ಕೂಡಿ ಒಂದು ದೊಡ್ಡದಾಗಿ, ತೂಗಿ, ಬೀಳುವುದು. ಅದು ಬಿದ್ದ ಕೂಡಲೇ ಇನ್ನೊಂದು ಕಟ್ಟುವುದು. ಮಳೆಮಾಪಕಕ್ಕೆ ಲೆಕ್ಕ ಸಿಗದ ಮಳೆ ಇದು. ಮೋಡದ ಕಾಡುಗಳು ಹೀಗೆ ಗಾಳಿಯಿಂದಲೇ ನೀರು ಸೋಸಿ ನೆಲಕ್ಕೆ ಕೊಡುತ್ತವೆ. ನೆಲದ ಕಪ್ಪು ಮಣ್ಣು, ಹುಲ್ಲಿನ ಬೇರು ಅದನ್ನು ಹಿಡಿದಿಟ್ಟು ಬೇಸಗೆಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. "ಮಂಜು ಬಂದ್ರೆ ತಾನೇ ಹೊಳೆ" ಎಂದರು ಅಮ್ಮ. "ನಮ್ಮಲ್ಲಿ ಏಪ್ರಿಲ್‌ನಲ್ಲೂ ಹಳ್ಳ ಬತ್ತದೇ ಇದ್ದಿದ್ದು ಇದರಿಂದ."

ಈ ಬಯಲಿನಿಂದ ಮೂರು ನದಿಗಳಿಗೆ ನೀರು ಹೋಗುತ್ತದೆ. ಮಹಾವೇಲಿ ಆ ದೇಶದ ಅತಿ ಉದ್ದದ ನದಿ, 335 ಕಿಲೋಮೀಟರ್ ಹರಿದು ಟ್ರಿಂಕೋಮಲಿ ಬಳಿ ಕಡಲಿಗೆ ಸೇರುತ್ತದೆ. ಕೆಲಣಿ ಪಡುವಣಕ್ಕೆ, ಕೊಲಂಬೊ ಕಡೆಗೆ. ವಳವೆ ದಕ್ಷಿಣಕ್ಕೆ. ಇದನ್ನು ಇವರು ಫಲಕದಲ್ಲಿ ಓದಿ ಹೇಳಿದಾಗ ಅಮ್ಮ ಬೆರಳು ಮಡಚಿದರು. ತುಂಗೆ, ಭದ್ರೆ, ನೇತ್ರಾವತಿ. ಕುದುರೆಮುಖದ ಗಂಗಾಮೂಲದಲ್ಲೂ ಮೂರೇ. ಅಮ್ಮ ಎಂಟು ವರ್ಷದವರಿದ್ದಾಗ ಅವರ ಅಪ್ಪ ಅವರನ್ನು ಅಲ್ಲಿಗೆ ನಡೆಸಿಕೊಂಡು ಹೋಗಿದ್ದರಂತೆ. ಹುಲ್ಲು ಸರಿಸಿ ಒಂದು ಒಸರು ತೋರಿಸಿ, ಇದು ನಮ್ಮ ಮನೆ ಮುಂದಿನ ಹೊಳೆ ಎಂದರಂತೆ. ಆ ಮಾತು ನಂಬಲು ತಮಗೆ ಬಹಳ ವರ್ಷ ಬೇಕಾಯಿತು ಎಂದರು ಅಮ್ಮ. ಅಷ್ಟು ಸಣ್ಣ ನೀರು.

ಮಗಳ ಮುಂದಿನ ಪ್ರಶ್ನೆ, "ನಮ್ಮ ಮುಠಾ?" ಶಿವಾಜಿನಗರದ ಅಂಚಿನಲ್ಲೇ ಹರಿಯುವ ಮುಠಾ ಸಂಗಮ ಸೇತುವೆಯ ಬಳಿ ಮುಳಾ ನದಿಗೆ ಕೂಡುತ್ತದೆ. ಮುಂದೆ ಭೀಮೆ. ಭೀಮೆ ಇವರ ಸೊಲ್ಲಾಪುರ ಸೀಮೆ ಹಾದು, ಕಲಬುರಗಿ, ಯಾದಗಿರಿ ದಾಟಿ ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರುತ್ತದೆ. ಅಮ್ಮನ ತುಂಗೆ ಭದ್ರೆ ಕೂಡಿ ತುಂಗಭದ್ರೆಯಾಗಿ ಅದೇ ಕೃಷ್ಣೆಗೆ. ಅಂದರೆ ಕಳಸದ ಅಮ್ಮ, ಅಕ್ಕಲಕೋಟೆಯ ಇವರು, ಶಿವಾಜಿನಗರದಲ್ಲಿ ಹುಟ್ಟಿದ ಮಗಳು, ಮೂವರ ನೀರೂ ಕೊನೆಗೆ ಒಂದೇ. ಈ ಲೆಕ್ಕವನ್ನು ನಾವು ಮನೆಯಲ್ಲಿ ಕೂತು ಯಾವತ್ತೂ ಹಾಕಿರಲಿಲ್ಲ. ನನಗೆ ಮುಠಾದ ಈಗಿನ ಸ್ಥಿತಿ ನೆನಪಾಯಿತು, ಸೇತುವೆ ದಾಟುವಾಗ ಮೂಗು ಮುಚ್ಚುವ ನಾವು ನೆನಪಾದೆವು. ಅದೂ ಒಂದು ಕಾಲಕ್ಕೆ ಯಾವುದೋ ಬೆಟ್ಟದ ಹುಲ್ಲಿನಡಿಯ ಒಸರೇ. ಮಗಳಿಗೆ ಅಲ್ಲಿಯೂ ಒಮ್ಮೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟೆ.

ಒಂದು ಗಂಟೆ ಆ ಮರದಡಿ ಕೂತೆವು. ಸಿಂಹಳ ಹಾಳೆಯ ಬಾಕರವಡಿ, ಡಬ್ಬಿಯ ಚಕ್ಕುಲಿ. ಮಂಜು ತೆರವಾಗಲಿಲ್ಲ.

ವಾಪಸಿನ ದಾರಿಯಲ್ಲಿ ಬೇಕರ್ ಜಲಪಾತ, ಇಪ್ಪತ್ತು ಮೀಟರಿನಷ್ಟು ಎತ್ತರ. ಬೆಲಿಹುಲ್ ಓಯಾ ಎಂಬ ಹೊಳೆ ಅಲ್ಲಿ ಬಂಡೆಯ ಮೇಲೆ ಜಡೆ ಬಿಚ್ಚಿದ ಹಾಗೆ ಬೀಳುತ್ತದೆ, ಇದೇ ಮುಂದೆ ವಳವೆಗೆ ಹೋಗುವ ನೀರು. ಬದಿಯಲ್ಲಿ ಕೆಂಪು ಹೂವಿನ ರೋಡೋಡೆಂಡ್ರಾನ್, ಸಿಂಹಳದ ಮಹಾ ರತ್‌ಮಲ್, ದೊಡ್ಡ ಕೆಂಪು ಹೂ. ನೀಲಗಿರಿಯಲ್ಲೂ ಇದರ ತಂಗಿ ಇದ್ದಾಳೆ. ಆದರೆ ಅದೇ ದಾರಿಯಲ್ಲಿ ತುದಿಯಿಂದ ಒಣಗಿ ಬೂದು ಕಡ್ಡಿಯಾಗಿ ನಿಂತ ಮರಗಳನ್ನೂ ಕಂಡೆವು, ಒಂದೆರಡಲ್ಲ, ಇಡೀ ಇಳಿಜಾರು. ಹಲವು ದಶಕಗಳಿಂದ ಇಲ್ಲಿಯ ಕಾಡು ಹೀಗೆ ಸಾಯುತ್ತಿದೆ, ವಿಜ್ಞಾನಿಗಳು ಮಣ್ಣು, ಬರ, ಗಾಳಿ ಎಲ್ಲವನ್ನೂ ಪರೀಕ್ಷಿಸುತ್ತಿದ್ದಾರೆ. ಇಷ್ಟು ಕಾಯ್ದುಕೊಂಡ ಜಾಗದಲ್ಲೂ ಹೀಗೆ. ಅಮ್ಮ ಆ ಮರಗಳ ಕಡೆ ನೋಡುತ್ತಾ ಶಾಲನ್ನು ಬಿಗಿಯಾಗಿ ಹೊದ್ದುಕೊಂಡರು.

ಮೇ ಕೊನೆಯ ವಾರ ಪುಣೆಯಲ್ಲಿ ಸೆಖೆ ತಡೆಯಲಾಗುತ್ತಿರಲಿಲ್ಲ. ಮಗಳು ದಿನಾ ಬೆಳಿಗ್ಗೆ ಪತ್ರಿಕೆಯಲ್ಲಿ ಮಳೆಯ ನಕಾಶೆ ನೋಡಲು ಶುರು ಮಾಡಿದ್ದಳು. ನೈರುತ್ಯ ಮಾರುತ ಶ್ರೀಲಂಕಾದ ಮೇಲೆ ಹಾದ ದಿನ, "ಓತಿಗೆ ಮಳೆ ಬಂತು" ಎಂದು ಅಜ್ಜಿಗೆ ಹೇಳಿದಳು. ಮೇ 30ಕ್ಕೆ ಕೇರಳಕ್ಕೆ ಬಂತು. ಜೂನ್ ಮೊದಲ ವಾರ ಕಳಸದಿಂದ ನನ್ನ ಮಾವನ ಫೋನು. ಅಮ್ಮ ಸ್ಪೀಕರ್ ಹಾಕಿದರು. "ಅಕ್ಕಾ, ಹೊಳೆ ಕೆಂಪಾಯ್ತು" ಎಂದಿತು ಆ ಕಡೆಯ ದನಿ.

ಅದಾದ ಕೆಲವೇ ದಿನಕ್ಕೆ ಶಿವಾಜಿನಗರದಲ್ಲಿ ಸಂಜೆ ಕತ್ತಲಾಗಿ ಮಳೆ ಹೊಡೆಯಿತು. ಶಿಮ್ಲಾ ಆಫೀಸಿನ ಗೋಪುರ ಕಾಣದ ಹಾಗೆ. ನಾನು ಒಣಗಿದ ಬಟ್ಟೆ ತರಲು ಬಾಲ್ಕನಿಗೆ ಓಡಿದರೆ ಕಟ್ಟೆಯ ಮೇಲೆ ಚಕ್ಕುಲಿಯ ಸ್ಟೀಲ್ ಡಬ್ಬಿ ಮುಚ್ಚಳವಿಲ್ಲದೆ ಕೂತಿತ್ತು. ಅಜ್ಜಿ ಮೊಮ್ಮಗಳು ಪಕ್ಕದಲ್ಲಿ ನೆನೆಯುತ್ತಾ ನಿಂತಿದ್ದರು. ಮಳೆ ನಿಂತ ಮೇಲೆ ಅಮ್ಮ ಡಬ್ಬಿಯೊಳಗೆ ಬೆರಳು ಅಡ್ಡ ಹಿಡಿದು ನೋಡಿದರು.

"ಮೂರು ಬೆರಳು" ಎಂದರು. ಮಗಳು ಬರೆದುಕೊಂಡಳು.